ರಷ್ಯಾವನ್ನು ಹುಟ್ಟುಹಾಕಿದ್ದು ವೈಕಿಂಗರಾ? ಪದೇ ಪದೇ ಕೇಳುವ ಪ್ರಶ್ನೆಗಳು

ವೈಕಿಂಗರು ಅಂದ ಕೂಡಲೇ ನೆನಪಾಗುವುದು ಇಂಗ್ಲೆಂಡಿನ ತೀರ, ಲೂಟಿಯಾದ ಮಠಗಳು, ಐಸ್‌ಲ್ಯಾಂಡಿನ ಮಂಜು. ಅದೇ ಕಾಲದಲ್ಲಿ ಅವರ ನೆಂಟರಿಷ್ಟರು ಪೂರ್ವದ ನದಿಗಳಲ್ಲಿ ಇಳಿದು ಕಾಸ್ಪಿಯನ್ ಸಮುದ್ರದವರೆಗೂ ಹೋಗಿದ್ದರು. ಈ ವಿಷಯ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಅಲ್ಲಿಂದಲೇ ಶುರು ಮಾಡೋಣ.

ಹಾಗಾದರೆ ರಷ್ಯಾದವರು ವೈಕಿಂಗರ ವಂಶದವರಾ?

ಜನ ಅಲ್ಲ, ಮೊದಲ ರಾಜಮನೆತನ ಹೌದು. ಆ ನಾಡಿನಲ್ಲಿ ಸ್ಲಾವ್ ಭಾಷೆಯವರು (ಈಗಿನ ರಷ್ಯನ್, ಉಕ್ರೇನಿಯನ್ ಎಲ್ಲ ಇದೇ ಬಳಗದ ಭಾಷೆಗಳು), ಫಿನ್ನಿಷ್‌ಗೆ ಹತ್ತಿರದ ಭಾಷೆಯವರು, ಬಾಲ್ಟಿಕ್ ಭಾಷೆಯವರು ಮೊದಲಿನಿಂದಲೂ ಇದ್ದರು. 8 ಮತ್ತು 9ನೇ ಶತಮಾನದಲ್ಲಿ ಈಗಿನ ಸ್ವೀಡನ್ ಕಡೆಯಿಂದ ವ್ಯಾಪಾರಿಗಳೂ ಯೋಧರೂ ಬಂದು ಸೇರಿಕೊಂಡರು. ಸಂಖ್ಯೆಯಲ್ಲಿ ಅವರು ಕಡಿಮೆ. ಆದರೆ ನದಿದಾರಿ, ಕಪ್ಪ, ಆಯುಧ ಅವರ ಕೈಯಲ್ಲಿತ್ತು. ಹಾಗಾಗಿ ಅಧಿಕಾರವೂ ಅವರ ಕೈಗೆ ಬಂತು. ಆಮೇಲೆ ಮೂರು ನಾಲ್ಕು ತಲೆಮಾರಿನಲ್ಲಿ ಅವರೇ ಸ್ಲಾವರಾಗಿಬಿಟ್ಟರು. ಬಂದದ್ದಕ್ಕಿಂತ ಹೀಗೆ ಕರಗಿಹೋದದ್ದೇ ನನಗೆ ಹೆಚ್ಚು ಕುತೂಹಲ.

ವೈಕಿಂಗ್, ವರಾಂಗಿಯನ್, ರುಸ್: ಮೂರೂ ಒಂದೇನಾ?

ಪೂರ್ತಿ ಒಂದೇ ಅಲ್ಲ. ವೈಕಿಂಗ್ ಅನ್ನುವುದು ಪಶ್ಚಿಮದಲ್ಲಿ ಪ್ರಚಾರಕ್ಕೆ ಬಂದ ಹೆಸರು. ಪೂರ್ವದಲ್ಲಿ ಅವರನ್ನು ಯಾರೂ ಹಾಗೆ ಕರೆಯಲಿಲ್ಲ. ಅಲ್ಲಿ ಮೊದಲು ಬಂದು ನೆಲೆಸಿ ಆಳಿದವರು 'ರುಸ್'. ಆಮೇಲೆ ಸಂಬಳಕ್ಕೆ ಹೋರಾಡಲು ಸಮುದ್ರ ದಾಟಿ ಬಂದವರಿಗೆ 'ವರ್ಯಾಗಿ', ಅಂದರೆ ವರಾಂಗಿಯನ್ನರು ಎಂಬ ಹೆಸರು ನಿಂತಿತು. ಹಳೆಯ ನಾರ್ಸ್ ಅಂದರೆ ಆಗಿನ ಸ್ಕ್ಯಾಂಡಿನೇವಿಯಾದ, ಈಗಿನ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯ ಭಾಷೆ. ಅದರಲ್ಲಿ ಆಣೆ, ಪ್ರತಿಜ್ಞೆ ಎಂಬ ಅರ್ಥದ ಮಾತಿನಿಂದ ಬಂದ ಪದ ಇದು. ಒಟ್ಟಿಗೆ ಆಣೆ ಮಾಡಿ ಗುಂಪು ಕಟ್ಟಿಕೊಂಡವರು ಅಂತ ಇಟ್ಟುಕೊಳ್ಳಿ.

'ರುಸ್' ಎಂಬ ಹೆಸರು ಎಲ್ಲಿಂದ ಬಂತು?

ಫಿನ್‌ಲ್ಯಾಂಡಿನವರು ಇವತ್ತಿಗೂ ಸ್ವೀಡನ್ನನ್ನು 'ರುಓತ್ಸಿ' ಅನ್ನುತ್ತಾರೆ. ಎಸ್ಟೋನಿಯಾದವರು 'ರೋತ್ಸಿ' ಅನ್ನುತ್ತಾರೆ. ಈ ಪದದ ಮೂಲ ಹಳೆಯ ನಾರ್ಸ್‌ನಲ್ಲಿ ದೋಣಿಗೆ ಹುಟ್ಟು ಹಾಕುವುದು ಎಂಬ ಅರ್ಥದ ಮಾತು ಎಂದು ಹೆಚ್ಚಿನ ಭಾಷಾತಜ್ಞರು ಒಪ್ಪುತ್ತಾರೆ. ಹುಟ್ಟು ಹಾಕುವವರ ಹೆಸರು ಫಿನ್ನರ ಬಾಯಿಂದ ಸ್ಲಾವರ ಬಾಯಿಗೆ ಬಂದು 'ರುಸ್' ಆಯಿತು. ಹುಟ್ಟು ಹಾಕುವವರು ರಷ್ಯಾವನ್ನು ಹುಟ್ಟುಹಾಕಿದರು ಎಂಬ ಈ ಶ್ಲೇಷೆ ಕನ್ನಡದಲ್ಲಿ ಪುಕ್ಕಟೆ ಸಿಗುತ್ತದೆ ನೋಡಿ, ಬಿಡಲು ಮನಸ್ಸಾಗಲಿಲ್ಲ.

ಬಂದವರ ಹೆಸರು ನಾಡಿಗೆ ಅಂಟಿ, ಭಾಷೆ ಮಾತ್ರ ನೆಲದವರದ್ದೇ ಉಳಿಯುವುದು ಅಪರೂಪವೇನಲ್ಲ. ಫ್ರಾನ್ಸಿನ ಹೆಸರು ಜರ್ಮನ್ ಕುಲದ ಫ್ರಾಂಕರದು, ಆಡುವುದು ಲ್ಯಾಟಿನ್‌ನಿಂದ ಬಂದ ಭಾಷೆ. ಬಲ್ಗೇರಿಯಾದ ಹೆಸರು ತುರ್ಕಿ ಮೂಲದ ಬುಲ್ಗಾರರದು, ಆಡುವುದು ಸ್ಲಾವ್ ಭಾಷೆ.

ಅಷ್ಟು ದೂರಕ್ಕೆ ಯಾಕೆ ಬಂದರು?

ಬೆಳ್ಳಿಗೆ. ಬಾಗ್ದಾದ್ ಮತ್ತು ಮಧ್ಯ ಏಷ್ಯಾದ ಮುಸ್ಲಿಂ ರಾಜ್ಯಗಳು ದಿರ್ಹಮ್ ಎಂಬ ಬೆಳ್ಳಿ ನಾಣ್ಯ ಹೊಡೆಸುತ್ತಿದ್ದವು. ಉತ್ತರದ ಕಾಡಿನಲ್ಲಿ ತುಪ್ಪಳದ ಚರ್ಮ, ಜೇನು, ಮೇಣ ಸಿಗುತ್ತಿತ್ತು. ಇವೆರಡರ ನಡುವೆ ವೋಲ್ಗಾ ನದಿ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ಸ್ಪಿಲಿಂಗ್ಸ್ ಎಂಬಲ್ಲಿ 1999ರಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ ಸುಮಾರು 67 ಕಿಲೋ ಬೆಳ್ಳಿ ಇತ್ತು. ಅದರಲ್ಲಿ 14 ಸಾವಿರಕ್ಕೂ ಹೆಚ್ಚು ನಾಣ್ಯಗಳು, ಹೆಚ್ಚುಕಡಿಮೆ ಎಲ್ಲವೂ ಅರಬ್ಬಿ ಬರಹದವು.

ಇನ್ನೊಂದು ಸರಕೂ ಇತ್ತು: ಮನುಷ್ಯರು. ಸ್ಲಾವ್ ಹಳ್ಳಿಗಳ ಮೇಲೆ ಬಿದ್ದು ಹಿಡಿದವರನ್ನು ಗುಲಾಮರಾಗಿ ಮಾರುತ್ತಿದ್ದರು. ಸಾಹಸದ ಕಥೆ ಹೇಳುವವರು ಈ ಭಾಗವನ್ನು ಮೆಲ್ಲಗೆ ಹಾರಿಸಿಬಿಡುತ್ತಾರೆ.

ಹಡಗನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರಂತೆ, ನಿಜವಾ?

ಎಳೆಯುತ್ತಿದ್ದರು. ಆದರೆ ಸಮುದ್ರದ ದೊಡ್ಡ ಹಡಗನ್ನಲ್ಲ. ಬಾಲ್ಟಿಕ್‌ನಿಂದ ನೆವಾ ನದಿ, ಲಾದೊಗಾ ಸರೋವರ, ವೋಲ್ಖೊವ್ ನದಿ, ಇಲ್ಮೆನ್ ಸರೋವರ, ಲೋವತ್ ನದಿ. ಅಲ್ಲಿಂದ ಸ್ವಲ್ಪ ದೂರ ನೆಲ. ಆಮೇಲೆ ದ್ನೀಪರ್ ಹಿಡಿದರೆ ನೇರ ಕಪ್ಪು ಸಮುದ್ರ, ಕಾನ್‌ಸ್ಟಾಂಟಿನೋಪಲ್. ಅದು ಈಗಿನ ಇಸ್ತಾಂಬುಲ್, ಗ್ರೀಕ್ ಆಡುತ್ತಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಆಗಿನ ರಾಜಧಾನಿ. ಹಳೆಯ ದಾಖಲೆಗಳು ಇದನ್ನು 'ವರಾಂಗಿಯನ್ನರಿಂದ ಗ್ರೀಕರವರೆಗಿನ ದಾರಿ' ಎಂದು ಕರೆಯುತ್ತವೆ.

ಸುಮಾರು 950ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಏಳನೇ ಕಾನ್‌ಸ್ಟಾಂಟೈನ್ ಈ ಪ್ರಯಾಣವನ್ನು ವಿವರವಾಗಿ ಬರೆಸಿದ್ದಾನೆ. ಚಳಿಗಾಲದಲ್ಲಿ ಸ್ಲಾವರು ಕಾಡಿನಲ್ಲಿ ಮರ ಕಡಿದು, ಒಂದೇ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತಿದ್ದರು. ಹಿಮ ಕರಗಿದ ಮೇಲೆ ಅವನ್ನು ತೇಲಿಸಿಕೊಂಡು ರುಸ್ ರಾಜಧಾನಿ ಕೀವ್‌ಗೆ ತಂದು ರುಸ್ ಜನಕ್ಕೆ ಮಾರುತ್ತಿದ್ದರು. ಜೂನ್‌ನಲ್ಲಿ ಗುಂಪುಗುಂಪಾಗಿ ಹೊರಡುವುದು. ದಾರಿಯಲ್ಲಿ ದ್ನೀಪರ್ ನದಿಯ ಅಬ್ಬರದ ಬಂಡೆಸಾಲುಗಳು. ಕೆಲವು ಕಡೆ ಬಟ್ಟೆ ಬಿಚ್ಚಿ ನೀರಿಗಿಳಿದು, ಬರಿಗಾಲಿನಲ್ಲೇ ಬಂಡೆ ಹುಡುಕುತ್ತಾ ದೋಣಿ ನಡೆಸಬೇಕು. ಅತಿ ಕಷ್ಟದ ಜಾಗದಲ್ಲಿ ಸರಕು ಇಳಿಸಿ, ಸರಪಳಿ ಹಾಕಿದ ಗುಲಾಮರನ್ನು ನಡೆಸಿಕೊಂಡು, ದೋಣಿಯನ್ನು ಹೆಗಲ ಮೇಲೆ ಹೊತ್ತು ಸಾಗಬೇಕು. ಕಾಯುತ್ತಾ ಕುಳಿತ ಪೆಚೆನೆಗ್ ಎಂಬ ಹುಲ್ಲುಗಾವಲಿನ ಅಲೆಮಾರಿ ಕುದುರೆ ಸವಾರರ ಭಯ ಬೇರೆ.

ತಲೆಗೆ ಕೊಂಬಿನ ಶಿರಸ್ತ್ರಾಣ?

ಇಲ್ಲ. ಅದು 19ನೇ ಶತಮಾನದ ಒಪೆರಾ ವೇಷಗಾರರ ಕೊಡುಗೆ.

ಊರಿನವರೇ ಕರೆದು ರಾಜ್ಯ ಕೊಟ್ಟರು ಅನ್ನುತ್ತಾರೆ. ಹಾಗೂ ಉಂಟಾ?

ಈ ಕಥೆ ಬರುವುದು ಕೀವ್‌ನಲ್ಲಿ 12ನೇ ಶತಮಾನದ ಆರಂಭದಲ್ಲಿ ರೂಪುಗೊಂಡ 'ಪ್ರಾಥಮಿಕ ವೃತ್ತಾಂತ' ಎಂಬ ಗ್ರಂಥದಲ್ಲಿ. ಉತ್ತರದ ಸ್ಲಾವರೂ ಫಿನ್ನರೂ ಮೊದಲು ವರಾಂಗಿಯನ್ನರಿಗೆ ಕಪ್ಪ ಕೊಡುತ್ತಿದ್ದರಂತೆ. ಆಮೇಲೆ ಅವರನ್ನು ಸಮುದ್ರದಾಚೆಗೆ ಓಡಿಸಿದರು. ಓಡಿಸಿದ ಮೇಲೆ ತಮ್ಮತಮ್ಮಲ್ಲೇ ಹೊಡೆದಾಟ. ಕೊನೆಗೆ ಸಾಕಾಗಿ ಸಮುದ್ರದಾಚೆಗೆ ಹೋಗಿ, ನಮ್ಮ ನಾಡು ದೊಡ್ಡದು, ಸಮೃದ್ಧವಾದದ್ದು, ಆದರೆ ವ್ಯವಸ್ಥೆ ಇಲ್ಲ, ಬಂದು ಆಳಿ ಎಂದು ಕೇಳಿಕೊಂಡರು. ಆಗ ಬಂದವರು ಮೂವರು ಅಣ್ಣತಮ್ಮಂದಿರು: ರೂರಿಕ್, ಸಿನಿಯುಸ್, ತ್ರುವೊರ್. ಇಸವಿ 862. ಎರಡು ವರ್ಷದಲ್ಲಿ ತಮ್ಮಂದಿರಿಬ್ಬರೂ ತೀರಿಕೊಂಡು ಎಲ್ಲ ರೂರಿಕ್ ಪಾಲಾಯಿತು.

ಕೇಳಿದರೆ ಅಜ್ಜಿಕಥೆ ಅನಿಸುತ್ತದೆ ಅಲ್ವಾ? ಮೂವರು ಅಣ್ಣತಮ್ಮಂದಿರು ಬಂದು ರಾಜ್ಯ ಕಟ್ಟುವ ಕಥೆ ಬೇರೆ ನಾಡುಗಳಲ್ಲೂ ಇದೆ. ಬರೆದವರು ಆಗಿನ ರಾಜರ ಆಶ್ರಯದಲ್ಲಿದ್ದ ಸನ್ಯಾಸಿಗಳು. 'ನಿಮ್ಮ ಪೂರ್ವಿಕರು ಗೆದ್ದು ಬಂದವರಲ್ಲ, ಜನ ಕರೆದು ಕೂರಿಸಿದವರು' ಎಂದರೆ ಯಾವ ರಾಜನಿಗೆ ಬೇಡ? ಆದರೂ ಪೂರ್ತಿ ಸುಳ್ಳು ಎನ್ನಲಾಗದು. ಕಪ್ಪ, ಜಗಳ, ಕರಾರು ಮಾಡಿ ಯೋಧರನ್ನು ಕರೆಸುವುದು, ಇವೆಲ್ಲ ಆ ಕಾಲದಲ್ಲಿ ನಡೆಯುತ್ತಿದ್ದ ಸಂಗತಿಗಳೇ.

ರೂರಿಕ್ ನಿಜವಾಗಿ ಇದ್ದನಾ?

ಇದ್ದಿರಬಹುದು. ಆದರೆ ಅವನ ಕಾಲದ ಯಾವ ದಾಖಲೆಯೂ ಅವನನ್ನು ಆ ನಾಡಿನಲ್ಲಿ ಗುರುತಿಸುವುದಿಲ್ಲ. ಸುಮಾರು 1050ರಲ್ಲಿ ಕೀವ್‌ನ ಧರ್ಮಗುರು ಇಲರಿಯೋನ್ ರಾಜರನ್ನು ಹೊಗಳುವಾಗ ವಂಶವನ್ನು 'ಹಳೆಯ ಇಗೊರ್'ನಿಂದ ಶುರು ಮಾಡುತ್ತಾನೆ. ರೂರಿಕ್ ಹೆಸರೇ ಇಲ್ಲ! ಇಗೊರ್‌ನಿಂದ ಈಚೆಗೆ ನೆಲ ಗಟ್ಟಿ. ಅವನನ್ನು ಗ್ರೀಕ್ ಮತ್ತು ಲ್ಯಾಟಿನ್ ಬರಹಗಾರರೂ ಬಲ್ಲರು.

ಅವರು ಸ್ಕ್ಯಾಂಡಿನೇವಿಯಾದವರೇ ಅಂತ ಹೇಗೆ ಗೊತ್ತು?

ಒಂದೇ ಸಾಕ್ಷಿಯನ್ನು ನೆಚ್ಚಿಕೊಂಡಿಲ್ಲ. 839ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಕಳಿಸಿದ ರಾಯಭಾರಿಗಳ ಜೊತೆ 'ರೋಸ್' ಎಂದು ಹೇಳಿಕೊಂಡ ಕೆಲವರು ಜರ್ಮನಿಯ ಇಂಗಲ್‌ಹೈಮ್‌ನಲ್ಲಿ ಫ್ರಾಂಕ್ ದೊರೆ ಲೂಯಿಯ ಆಸ್ಥಾನಕ್ಕೆ ಬಂದರು. ತಮ್ಮ ರಾಜನನ್ನು 'ಖಾಕಾನ್' ಎಂದು ಕರೆದರು. ಅದು ಹುಲ್ಲುಗಾವಲಿನ ತುರ್ಕಿ ದೊರೆಗಳ ಬಿರುದು. ಲೂಯಿ ವಿಚಾರಿಸಿ ನೋಡಿದ, ಇವರು ಸ್ವೀಡರು ಎಂದು ತಿಳಿಯಿತು. ವೈಕಿಂಗರ ಕಾಟದಿಂದ ಬೇಸತ್ತಿದ್ದ ಅವನಿಗೆ ಗೂಢಚಾರರ ಅನುಮಾನ ಬಂದು ತಡೆದಿಟ್ಟುಕೊಂಡ. ಫ್ರಾಂಕರ ವಾರ್ಷಿಕ ದಾಖಲೆಯಲ್ಲಿ ಇದೆಲ್ಲ ಇದೆ.

911ರಲ್ಲಿ ರುಸ್ ದೊರೆ ಓಲೆಗ್ ಬೈಜಾಂಟಿಯಂ ಜೊತೆ ಒಪ್ಪಂದ ಮಾಡಿಕೊಂಡ. ಅವನ ಕಡೆಯ ರಾಯಭಾರಿಗಳ ಹೆಸರು ಓದಿ: ಕಾರ್ಲ್, ಇನೆಗೆಲ್ದ್, ಫರ್ಲೊಫ್, ವೆರೆಮುದ್, ರುಲಾವ್. ಯಾವುದಾದರೂ ರಷ್ಯನ್ ಹೆಸರಿನ ಹಾಗೆ ಕೇಳುತ್ತದಾ?

ಆಗಲೇ ಹೇಳಿದ ಕಾನ್‌ಸ್ಟಾಂಟೈನ್ ದ್ನೀಪರ್ ಬಂಡೆಸಾಲುಗಳ ಹೆಸರನ್ನು ಎರಡೆರಡು ಭಾಷೆಯಲ್ಲಿ ಕೊಡುತ್ತಾನೆ, 'ರುಸ್' ಭಾಷೆಯಲ್ಲಿ ಹೀಗೆ, 'ಸ್ಲಾವ್' ಭಾಷೆಯಲ್ಲಿ ಹೀಗೆ ಅಂತ. ಆ ರುಸ್ ಹೆಸರುಗಳು ಹಳೆಯ ನಾರ್ಸ್‌ನವು. ಅತಿ ಅಪಾಯದ ಬಂಡೆಸಾಲಿನ ಹೆಸರು 'ಐಫೊರ್'. ಅದೇ ಹೆಸರು ಗೋಟ್‌ಲ್ಯಾಂಡಿನ ಒಂದು ರೂನ್ (ಸ್ಕ್ಯಾಂಡಿನೇವಿಯಾದ ಹಳೆಯ ಲಿಪಿ) ಶಾಸನದಲ್ಲೂ ಸಿಕ್ಕಿದೆ. ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸುವ ಸಾಕ್ಷಿ ಇದು. ಯಾರನ್ನೂ ಹೊಗಳಲು ಬರೆದದ್ದಲ್ಲ, ಸುಮ್ನೆ ದಾರಿಯ ವಿವರ.

ಇನ್ನು ಮಣ್ಣಿನಡಿಯದ್ದು. ಲಾದೊಗಾ ಸರೋವರದ ಹತ್ತಿರದ ಸ್ತಾರಯಾ ಲಾದೊಗಾ ಊರಿನಲ್ಲಿ ಸಿಕ್ಕ ತೊಲೆಗಳ ಉಂಗುರ ಎಣಿಸಿ ಊರಿನ ಅತಿ ಹಳೆಯ ಪದರ 750ರ ದಶಕದ್ದು ಎಂದು ಕಂಡುಕೊಂಡಿದ್ದಾರೆ. ಆ ಮೊದಲ ಪದರದಲ್ಲೇ ಸ್ಕ್ಯಾಂಡಿನೇವಿಯನ್ ಕಮ್ಮಾರನ ಉಪಕರಣಗಳಿವೆ. ಸ್ಮೊಲೆನ್ಸ್ಕ್ ಹತ್ತಿರದ ಗ್ನ್ಯೋಜ್ದೊವೊದಲ್ಲಿ ಸಾವಿರಾರು ಸಮಾಧಿ ದಿಬ್ಬಗಳು. ಕೆಲವದರಲ್ಲಿ ಉತ್ತರದ ಹೆಂಗಸರು ಸೆರಗಿಗೆ ಹಾಕಿಕೊಳ್ಳುತ್ತಿದ್ದ ಮೊಟ್ಟೆಯಾಕಾರದ ಪಿನ್ನುಗಳು, ಪಕ್ಕದಲ್ಲೇ ಸ್ಲಾವ್ ಮಡಕೆಗಳು. ಬಂದವರು ಬರೀ ಗಂಡಸರಲ್ಲ, ಸಂಸಾರಸಮೇತ ಬಂದವರೂ ಇದ್ದರು.

ಕಣ್ಣಾರೆ ಕಂಡವರು ಯಾರಾದರೂ ಬರೆದಿದ್ದಾರಾ?

ಬಾಗ್ದಾದಿನ ಖಲೀಫನ ರಾಯಭಾರದ ಜೊತೆ ಹೊರಟಿದ್ದ ಇಬ್ನ್ ಫದ್ಲಾನ್ 922ರಲ್ಲಿ ವೋಲ್ಗಾ ದಂಡೆಯಲ್ಲಿ ರುಸ್ ವ್ಯಾಪಾರಿಗಳನ್ನು ನೋಡಿದ. ಖರ್ಜೂರದ ಮರದಂತೆ ಎತ್ತರ, ಇಷ್ಟು ಪರಿಪೂರ್ಣ ಮೈಕಟ್ಟು ಕಂಡೇ ಇಲ್ಲ ಅನ್ನುತ್ತಾನೆ. ಅದೇ ಉಸಿರಿಗೆ, ದೇವರ ಸೃಷ್ಟಿಯಲ್ಲೇ ಇವರಷ್ಟು ಕೊಳಕರಿಲ್ಲ ಅಂತಲೂ ಬರೆಯುತ್ತಾನೆ. ಬೆಳಗ್ಗೆ ಒಂದೇ ಬೋಗುಣಿ ನೀರಿನಲ್ಲಿ ಎಲ್ಲರೂ ಸರದಿಯಂತೆ ಮುಖ ತೊಳೆದು, ಮೂಗು ಸೀನಿ, ಉಗಿಯುತ್ತಿದ್ದರಂತೆ.

ಅವನು ಬರೆದದ್ದರಲ್ಲಿ ನನಗಿಷ್ಟವಾದದ್ದು ಪ್ರಾರ್ಥನೆಯ ಪ್ರಸಂಗ. ವ್ಯಾಪಾರಿ ಮರದ ಮೂರ್ತಿಯ ಮುಂದೆ ರೊಟ್ಟಿ, ಮಾಂಸ, ಈರುಳ್ಳಿ ಇಟ್ಟು, ತಾನು ತಂದ ಸರಕಿನ ಲೆಕ್ಕ ಒಪ್ಪಿಸುತ್ತಾನೆ. ಆಮೇಲೆ, ದಿನಾರ್ ದಿರ್ಹಮ್ ತುಂಬ ಇರುವ, ಚೌಕಾಸಿ ಮಾಡದ ಗಿರಾಕಿಯನ್ನು ಕಳಿಸಪ್ಪಾ ಎಂದು ಬೇಡುತ್ತಾನೆ. ಯಾವ ಅಂಗಡಿಯವನ ಪ್ರಾರ್ಥನೆ ಬೇರೆ ಇದ್ದೀತು?

ನಾಯಕನೊಬ್ಬನ ಅಂತ್ಯಕ್ರಿಯೆಯನ್ನೂ ಅವನು ನೋಡಿದ. ದೋಣಿಯಲ್ಲಿ ಹೆಣ ಇಟ್ಟು, ಒಬ್ಬ ದಾಸಿ ಹುಡುಗಿಯನ್ನು ಕೊಂದು ಜೊತೆಗಿಟ್ಟು ಬೆಂಕಿ ಕೊಟ್ಟರು. ಓದುವುದು ಕಷ್ಟ.

ಅವರು ಯಾವಾಗ ಸ್ಲಾವರಾದರು?

ರಾಜರ ಹೆಸರುಗಳನ್ನು ಸಾಲಾಗಿ ಹೇಳಿಕೊಂಡು ಹೋದರೆ ಸಾಕು. ರೂರಿಕ್, ಓಲೆಗ್, ಇಗೊರ್. ಇವು ಹ್ರೋರೆಕ್, ಹೆಲ್ಗಿ, ಇಂಗ್ವಾರ್ ಎಂಬ ನಾರ್ಸ್ ಹೆಸರುಗಳ ಸ್ಲಾವ್ ಉಚ್ಚಾರ. ಇಗೊರ್‌ನ ಹೆಂಡತಿ ಓಲ್ಗಾ, ಅಂದರೆ ಹೆಲ್ಗಾ. ಇವರಿಬ್ಬರ ಮಗನ ಹೆಸರು? ಸ್ವ್ಯಾತೊಸ್ಲಾವ್. ಅಪ್ಪಟ ಸ್ಲಾವ್ ಹೆಸರು. ಅವನ ಮಗ ವ್ಲಾದಿಮಿರ್, ಮೊಮ್ಮಗ ಯಾರೊಸ್ಲಾವ್.

971ರಲ್ಲಿ ಸ್ವ್ಯಾತೊಸ್ಲಾವ್ ದನ್ಯೂಬ್ ದಂಡೆಯಲ್ಲಿ ಬೈಜಾಂಟಿಯಂ ಚಕ್ರವರ್ತಿಯನ್ನು ಭೇಟಿಯಾದ. ಗ್ರೀಕ್ ಇತಿಹಾಸಕಾರ ಲಿಯೊ ಅವನನ್ನು ಹೀಗೆ ಚಿತ್ರಿಸುತ್ತಾನೆ: ಮಧ್ಯಮ ಎತ್ತರ, ನೀಲಿ ಕಣ್ಣು, ಬೋಳಿಸಿದ ತಲೆ, ಒಂದು ಕಡೆ ಇಳಿಬಿಟ್ಟ ಜುಟ್ಟು, ಉದ್ದ ಮೀಸೆ. ಒಂದು ಕಿವಿಗೆ ಚಿನ್ನದ ಒಂಟಿ, ಅದರಲ್ಲಿ ಎರಡು ಮುತ್ತು, ನಡುವೆ ಒಂದು ಕೆಂಪು ಕಲ್ಲು. ಬಿಳಿ ಬಟ್ಟೆ, ಅದು ಜೊತೆಯವರದ್ದಕ್ಕಿಂತ ಶುಭ್ರ, ಅಷ್ಟೇ ವ್ಯತ್ಯಾಸ. ಅಪ್ಪ ಅಮ್ಮ ನಾರ್ಸ್ ಹೆಸರಿನವರು, ತನ್ನ ಹೆಸರು ಸ್ಲಾವ್, ಜುಟ್ಟು ಹುಲ್ಲುಗಾವಲಿನ ಸವಾರರದು. ಆದರೆ ಚಕ್ರವರ್ತಿಯ ಮುಂದೆ ಬಂದದ್ದು ಮಾತ್ರ ದೋಣಿಯಲ್ಲಿ, ಉಳಿದವರ ಜೊತೆ ತಾನೂ ಹುಟ್ಟು ಹಾಕುತ್ತಾ! ಮರುವರ್ಷ ಅದೇ ದ್ನೀಪರ್ ಬಂಡೆಸಾಲಿನ ಹತ್ತಿರ ಪೆಚೆನೆಗರು ಅವನನ್ನು ಕೊಂದರು.

ದೇವರುಗಳೂ ಹಾಗೇ. ಬೈಜಾಂಟಿಯಂ ಜೊತೆಗಿನ ಒಪ್ಪಂದಕ್ಕೆ ಓಲೆಗ್‌ನ ಕಡೆಯವರು ಆಣೆ ಇಟ್ಟದ್ದು ಓಡಿನ್, ಥಾರ್ ಮೇಲಲ್ಲ, ಸ್ಲಾವರ ಪೆರುನ್ ಮತ್ತು ವೆಲೆಸ್ ಮೇಲೆ ಎಂದು ವೃತ್ತಾಂತ ಹೇಳುತ್ತದೆ. 1951ರಿಂದ ಇಲ್ಮೆನ್ ಸರೋವರದ ಹತ್ತಿರದ ಹಳೆಯ ಊರು ನೊವ್ಗೊರೊದ್‌ನಲ್ಲಿ ಬರ್ಚ್ ತೊಗಟೆಯ ಮೇಲೆ ಗೀಚಿದ ಸಾವಿರಕ್ಕೂ ಹೆಚ್ಚು ಹಳೆಯ ಪತ್ರಗಳು ಸಿಕ್ಕಿವೆ. ಸಾಲದ ಲೆಕ್ಕ, ಗಂಡ ಹೆಂಡತಿ ಮಾತು, ಮಕ್ಕಳ ಅಕ್ಷರಾಭ್ಯಾಸ. 11ನೇ ಶತಮಾನದಿಂದ ಶುರುವಾಗುವ ಈ ಪತ್ರಗಳ ಭಾಷೆ ಹೆಚ್ಚುಕಡಿಮೆ ಪೂರ್ತಿ ಸ್ಲಾವ್.

ಓಲ್ಗಾ ಸೇಡು ತೀರಿಸಿಕೊಂಡ ಕಥೆ ಯಾವುದು?

945ರಲ್ಲಿ ಎರಡನೇ ಸಲ ಕಪ್ಪ ಕೇಳಲು ಹೋದ ಇಗೊರ್‌ನನ್ನು ದ್ರೆವ್ಲಿಯಾನ್ ಎಂಬ ಸ್ಲಾವ್ ಕುಲದವರು ಕೊಂದರು. ಆಮೇಲೆ ವಿಧವೆ ಓಲ್ಗಾಳನ್ನು ತಮ್ಮ ದೊರೆಗೆ ಮದುವೆ ಮಾಡಿಕೊಡಿ ಎಂದು ದೂತರನ್ನು ಕಳಿಸಿದರು. ಅವಳು ಮೊದಲ ಗುಂಪನ್ನು ದೋಣಿಸಮೇತ ಹೊತ್ತು ತರಿಸಿ ಜೀವಂತ ಹೂಳಿಸಿದಳು. ಎರಡನೆಯ ಗುಂಪನ್ನು ಸ್ನಾನದ ಮನೆಯಲ್ಲಿ ಸುಡಿಸಿದಳು. ಕೊನೆಗೆ ಅವರ ಊರಿನಿಂದ ಮನೆಗೆ ಮೂರು ಪಾರಿವಾಳ, ಮೂರು ಗುಬ್ಬಿ ಕಪ್ಪ ಕೇಳಿ, ಅವುಗಳ ಕಾಲಿಗೆ ಬೆಂಕಿ ಕಟ್ಟಿ ಹಾರಿಬಿಟ್ಟಳು. ಹಕ್ಕಿಗಳು ಗೂಡಿಗೆ ಮರಳಿ ಊರೇ ಉರಿಯಿತು. ಇದೇ ಹಕ್ಕಿಯ ತಂತ್ರವನ್ನು ಐಸ್‌ಲ್ಯಾಂಡಿನ ಕಥೆಗಾರರು ನಾರ್ವೆಯ ರಾಜ ಹಾರಾಲ್ಡ್ ಮೇಲೂ ಹೇಳುತ್ತಾರೆ. ಅಂದರೆ ದೋಣಿಗಳ ಜೊತೆ ಕಥೆಗಳೂ ಓಡಾಡುತ್ತಿದ್ದವು. ಇದೇ ಓಲ್ಗಾ ಆಮೇಲೆ ಕ್ರೈಸ್ತಳಾಗಿ ಸಂತಳೂ ಆದಳು!

ಸ್ಕ್ಯಾಂಡಿನೇವಿಯಾ ನಂಟು ಯಾವಾಗ ಕಡಿಯಿತು?

ಒಮ್ಮೆಲೇ ಅಲ್ಲ. ವ್ಲಾದಿಮಿರ್ ತನ್ನ ಅಣ್ಣನ ವಿರುದ್ಧ ಹೋರಾಡಲು ಸಮುದ್ರದಾಚೆಯಿಂದ ವರಾಂಗಿಯನ್ನರನ್ನು ಕರೆತಂದ. ಕೀವ್ ಗೆದ್ದ ಮೇಲೆ ಅವರು ಸಂಬಳ ಕೇಳಿದರು. ಇವತ್ತು ನಾಳೆ ಎಂದು ಸತಾಯಿಸಿ, ಒಳ್ಳೆಯವರನ್ನು ಉಳಿಸಿಕೊಂಡು, ಉಳಿದವರನ್ನು ಕಾನ್‌ಸ್ಟಾಂಟಿನೋಪಲ್‌ಗೆ ಸಾಗಹಾಕಿದ. ಚಕ್ರವರ್ತಿಗೆ ಮೊದಲೇ ಹೇಳಿಕಳಿಸಿದ: ಇವರನ್ನು ಒಂದೇ ಊರಿನಲ್ಲಿ ಇಟ್ಟುಕೊಳ್ಳಬೇಡಿ, ಚದುರಿಸಿ, ಒಬ್ಬನನ್ನೂ ವಾಪಸ್ ಕಳಿಸಬೇಡಿ. ಮುತ್ತಜ್ಜನ ಕಡೆಯವರ ಮೇಲೆ ಮರಿಮಗನ ಪ್ರೀತಿ ಇಷ್ಟು!

988ರ ಸುಮಾರಿಗೆ ಅವನು ಕ್ರೈಸ್ತನಾದ. ಅದೇ ಹೊತ್ತಿಗೆ ಚಕ್ರವರ್ತಿ ಎರಡನೇ ಬಾಸಿಲ್‌ನ ಸಹಾಯಕ್ಕೆ 6 ಸಾವಿರ ಯೋಧರು ಹೋದರು. ಹೆಸರಾಂತ ವರಾಂಗಿಯನ್ ಕಾವಲು ಪಡೆಯ ಹುಟ್ಟು ಅಲ್ಲಿ. ಇಸ್ತಾಂಬುಲಿನ ಹಗಿಯಾ ಸೋಫಿಯಾದ ಅಮೃತಶಿಲೆಯ ಕಟಾಂಜನದ ಮೇಲೆ ಹಾಲ್ಫ್‌ಡನ್ ಎಂಬವನ ಹೆಸರು ರೂನ್ ಲಿಪಿಯಲ್ಲಿ ಇನ್ನೂ ಇದೆ. ಪ್ರವಾಸಿ ತಾಣದಲ್ಲಿ ಹೆಸರು ಕೆತ್ತುವ ಚಟ ಹಳೆಯದು.

ಯಾರೊಸ್ಲಾವ್ ಸ್ವೀಡನ್ ರಾಜಕುಮಾರಿ ಇಂಗೆಗೆರ್ದ್‌ಳನ್ನು ಮದುವೆಯಾದ. ಮಗಳನ್ನು ನಾರ್ವೆಯ ಹಾರಾಲ್ಡ್‌ಗೆ ಕೊಟ್ಟ. ಆದರೆ ಇನ್ನೊಬ್ಬ ಮಗಳು ಫ್ರಾನ್ಸಿಗೆ, ಮತ್ತೊಬ್ಬಳು ಹಂಗೇರಿಗೆ. ಆ ಹೊತ್ತಿಗೆ ಉತ್ತರದವರು ತವರಿನವರಲ್ಲ, ಬೀಗರು ಅಷ್ಟೇ.

ರಷ್ಯನ್ ಭಾಷೆಯಲ್ಲಿ ಏನಾದರೂ ಉಳಿದಿದೆಯಾ?

ಬಹಳ ಕಡಿಮೆ. ಚಾಟಿಗೆ 'ಕ್ನುತ್', ಲಂಗರಿಗೆ 'ಯಾಕೊರ್', ಹೆರಿಂಗ್ ಮೀನಿಗೆ 'ಸೆಲ್ದ್' ಇಂಥ ಬೆರಳೆಣಿಕೆಯ ಪದಗಳು. ಇಗೊರ್, ಓಲೆಗ್, ಓಲ್ಗಾ ಮಾತ್ರ ಇವತ್ತಿಗೂ ಮನೆಮನೆಯ ಹೆಸರು.

ಇಷ್ಟೆಲ್ಲ ಸಾಕ್ಷಿ ಇದ್ದರೂ ಜಗಳ ಯಾಕೆ?

ಜಗಳ ಶುರುವಾದದ್ದು 1749ರಲ್ಲಿ. ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿ ಜರ್ಮನ್ ಮೂಲದ ವಿದ್ವಾಂಸ ಮ್ಯುಲರ್, ರುಸ್ ಎಂಬ ಹೆಸರು ಸ್ಕ್ಯಾಂಡಿನೇವಿಯಾದ್ದು ಎಂಬ ಭಾಷಣ ಸಿದ್ಧ ಮಾಡಿದ. ಸಮಯ ಸರಿ ಇರಲಿಲ್ಲ. ಸ್ವೀಡನ್ ಜೊತೆ ಯುದ್ಧ ಮುಗಿದು ಆರು ವರ್ಷವಷ್ಟೇ ಆಗಿತ್ತು. ಆಸ್ಥಾನದಲ್ಲಿ ಜರ್ಮನ್ನರು ಮೆರೆದ ಸಿಟ್ಟು ಬೇರೆ ಇತ್ತು. ರಷ್ಯಾದ ಹೆಸರಾಂತ ವಿಜ್ಞಾನಿ ಲೊಮೊನೊಸೊವ್ ಕೆಂಡವಾದರು. ಇದು ನಾಡಿಗೆ ಮಾಡುವ ಅವಮಾನ ಎಂದರು. ಭಾಷಣ ನಡೆಯಲಿಲ್ಲ, ಅಚ್ಚಾದ ಪ್ರತಿಗಳನ್ನು ನಾಶ ಮಾಡಿದರು, ಮ್ಯುಲರ್‌ಗೆ ಹಿಂಬಡ್ತಿ ಸಿಕ್ಕಿತು. ಅಲ್ಲಿಂದ, ರುಸ್ ಕಟ್ಟಿದ್ದು ಸ್ಕ್ಯಾಂಡಿನೇವಿಯಾದವರು ಎನ್ನುವ 'ನಾರ್ಮನ್ ವಾದ' ಮತ್ತು ಅದರ ವಿರೋಧಿಗಳ ಎರಡು ಬಣ ಆಯಿತು.

ವಿಚಿತ್ರ ಅಂದರೆ 1862ರಲ್ಲಿ ಚಕ್ರವರ್ತಿಗೇ ರೂರಿಕ್ ಬೇಕಾದ. ನೊವ್ಗೊರೊದ್‌ನಲ್ಲಿ ಸಾವಿರ ವರ್ಷದ ಸ್ಮಾರಕ ನಿಲ್ಲಿಸಿದರು, ಗಂಟೆಯ ಆಕಾರದ್ದು. ಅದರಲ್ಲಿ ರೂರಿಕ್ ಗುರಾಣಿ ಹಿಡಿದು ನಿಂತಿದ್ದಾನೆ. ಮುಂದಿನ ಶತಮಾನದಲ್ಲಿ ಗಾಳಿ ಮತ್ತೆ ತಿರುಗಿತು. ಸ್ಲಾವರಿಗೆ ರಾಜ್ಯ ಕಟ್ಟುವ ಯೋಗ್ಯತೆ ಇಲ್ಲ, ಕಟ್ಟಿಕೊಟ್ಟದ್ದು ಜರ್ಮನ್ ಕುಲದವರು (ಸ್ಕ್ಯಾಂಡಿನೇವಿಯನ್ನರೂ ಅದರಲ್ಲೇ ಸೇರುತ್ತಾರೆ) ಎಂದು ನಾಜಿಗಳು ಸಾರಿದರು. ಅದಕ್ಕೆ ಉತ್ತರವಾಗಿ ಸೋವಿಯತ್ ಪಾಠಪುಸ್ತಕಗಳಲ್ಲಿ ವರಾಂಗಿಯನ್ನರು ಮೂಲೆಗೆ ಸರಿದರು. ಆ ಸಿಟ್ಟು ಅರ್ಥವಾಗುವಂಥದ್ದು. ಆದರೆ ಸಮಾಧಿಯಲ್ಲಿ ಸಿಕ್ಕ ಪಿನ್ನು ಸಿಟ್ಟಿಗೆ ಕರಗುವುದಿಲ್ಲ. 1965ರಲ್ಲಿ ಲೆನಿನ್‌ಗ್ರಾದ್ ವಿಶ್ವವಿದ್ಯಾಲಯದಲ್ಲಿ ನಡೆದ ಬಹಿರಂಗ ಚರ್ಚೆಯಲ್ಲಿ ಲೆವ್ ಕ್ಲೈನ್ ಎಂಬ ಪುರಾತತ್ವಜ್ಞ ಧೈರ್ಯ ಮಾಡಿ, ರಾಜಕೀಯ ಬಿಟ್ಟು ವಸ್ತುಗಳನ್ನು ನೋಡೋಣ ಎಂಬ ದಾರಿ ಹಿಡಿದರು. ಇವತ್ತು ರಷ್ಯಾದ ಹೆಚ್ಚಿನ ವಿದ್ವಾಂಸರಿಗೂ ಸ್ಕ್ಯಾಂಡಿನೇವಿಯನ್ನರ ಪಾತ್ರ ಒಪ್ಪಿಗೆಯೇ. ಅವರೊಬ್ಬರೇ ರಾಜ್ಯ ಕಟ್ಟಿದರು ಎಂಬ ಹಳೆಯ ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ.

ರುಸ್ ಎಂಬ ಆ ಹಳೆಯ ರಾಜ್ಯ ಯಾರದ್ದು, ರಷ್ಯಾದ್ದಾ ಉಕ್ರೇನಿನದ್ದಾ?

ರಾಜಧಾನಿ ಕೀವ್, ಈಗ ಉಕ್ರೇನಿನಲ್ಲಿದೆ. ಲಾದೊಗಾ, ನೊವ್ಗೊರೊದ್ ಈಗ ರಷ್ಯಾದಲ್ಲಿವೆ. ಪೊಲೊತ್ಸ್ಕ್ ಬೆಲಾರೂಸಿನಲ್ಲಿದೆ. ಮಾಸ್ಕೋ ಹೆಸರು ದಾಖಲೆಯಲ್ಲಿ ಮೊದಲು ಬರುವುದೇ 1147ರಲ್ಲಿ. ರಷ್ಯಾ ಸರ್ಕಾರ 2012ರಲ್ಲಿ ತನ್ನ ರಾಜ್ಯತ್ವಕ್ಕೆ 1150 ವರ್ಷ ಎಂದು ಹಬ್ಬ ಮಾಡಿತು. ಉಕ್ರೇನಿನ ಲಾಂಛನದ ತ್ರಿಶೂಲ ವ್ಲಾದಿಮಿರ್‌ನ ನಾಣ್ಯದ ಮೇಲಿದ್ದ ಗುರುತು. ಕೀವ್‌ನಲ್ಲಿ 1853ರಿಂದ ವ್ಲಾದಿಮಿರ್ ಪ್ರತಿಮೆ ಇದೆ, 2016ರಲ್ಲಿ ಮಾಸ್ಕೋದಲ್ಲೂ ಒಂದು ಎದ್ದಿತು. ನನ್ನ ಉತ್ತರ ಕೇಳಿದರೆ, ಒಂದೇ ಅಜ್ಜನಿಗೆ ಮೂರು ಮನೆಯ ಮೊಮ್ಮಕ್ಕಳು. ಅಜ್ಜನ ಫೋಟೋ ಒಬ್ಬನ ಗೋಡೆಯಲ್ಲಿದೆ ಅಂತ ಇನ್ನೊಬ್ಬನ ಮನೆ ಅವನದ್ದಾಗುವುದಿಲ್ಲ.

ರೂರಿಕ್ ವಂಶ ಎಲ್ಲಿಯವರೆಗೆ ಆಳಿತು?

16ನೇ ಶತಮಾನದ ರಷ್ಯಾದ ದೊರೆ ಭಯಂಕರ ಇವಾನ್ ಕೂಡ ಇದೇ ವಂಶದವನು. ಅವನ ಮಗ ಫ್ಯೋದೊರ್ 1598ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಇನ್ನೊಂದು ಕವಲಿನ ವಸೀಲಿ ಶುಯ್ಸ್ಕಿ 1610ರವರೆಗೆ ಆಳಿದ. ಆಮೇಲೆ ರೊಮಾನೊವ್ ಮನೆತನ ಬಂತು.

ನಮ್ಮ ಕಡೆಗೂ ಈ ಕಥೆಗೂ ಏನಾದರೂ ನಂಟಿದೆಯಾ?

ನೇರವಾಗಿ ಇಲ್ಲ. ಸ್ಟಾಕ್‌ಹೋಮ್ ಹತ್ತಿರದ ಹೆಲ್ಗೊ ದ್ವೀಪದಲ್ಲಿ 1950ರ ದಶಕದಲ್ಲಿ ಒಂದು ಪುಟ್ಟ ಕಂಚಿನ ಬುದ್ಧ ಸಿಕ್ಕಿತು. ಭಾರತ ಉಪಖಂಡದ ವಾಯವ್ಯದಲ್ಲಿ, ಸ್ವಾತ್ ಕಣಿವೆಯ ಕಡೆ ಎರಕ ಹೊಯ್ದದ್ದು. ಕೈಯಿಂದ ಕೈಗೆ ಅದು ಅಷ್ಟು ದೂರ ಹೋಗಿದೆ.

ವೋಲ್ಗಾ ದಾರಿ ಹಿಡಿದು ನಮ್ಮಲ್ಲಿಗೇ ಬಂದ ಒಬ್ಬನಿದ್ದಾನೆ, ಆದರೆ ಐನೂರು ವರ್ಷ ತಡವಾಗಿ. 15ನೇ ಶತಮಾನದಲ್ಲಿ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ವೋಲ್ಗಾದಲ್ಲಿ ಇಳಿದು, ಕಾಸ್ಪಿಯನ್ ದಾಟಿ, ಪರ್ಷಿಯಾದಿಂದ ಸಮುದ್ರಮಾರ್ಗವಾಗಿ ಬಂದು ಬಹಮನಿ ಸುಲ್ತಾನರ ಬೀದರಿನಲ್ಲಿ ಬಹಳ ದಿನ ಇದ್ದ. ತಂದಿದ್ದ ಕುದುರೆಯನ್ನು ಅಲ್ಲೇ ಮಾರಿದ. ಅವನ ಊರನ್ನು ಆಗ ಆಳುತ್ತಿದ್ದವನು ರೂರಿಕ್ ವಂಶದ ಮಿಖಾಯಿಲ್ ಬೊರಿಸೊವಿಚ್. ನಿಕಿತಿನ್ ಊರು ಸೇರಲಿಲ್ಲ. ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.